ಚಳಿಗಾಲದಲ್ಲಿ ಗಾಳ ಹಾಕಲು ಯಾವ ಹೊತ್ತು ಒಳ್ಳೆಯದು?

ಹೋದ ತಿಂಗಳು ನಮ್ಮೂರ ಹುಡುಗರ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಒಂದು ವಿಡಿಯೊ ಹಾಕಿದ್ದರು. ದೊಡ್ಡ ಕೆರೆ, ಪೂರ್ತಿ ಹೆಪ್ಪುಗಟ್ಟಿದೆ. ದಪ್ಪ ಕೋಟು ಹಾಕಿಕೊಂಡ ಒಬ್ಬ ಆಸಾಮಿ ಬೋರ್‌ವೆಲ್ ಕೊರೆಯುವ ಹಾಗೆ ಮಂಜುಗಡ್ಡೆ ಕೊರೆದು, ಆ ತೂತಿನೊಳಕ್ಕೆ ಗಾಳ ಬಿಟ್ಟು, ಸ್ಟೂಲಿನ ಮೇಲೆ ಕೂತಿದ್ದಾನೆ. ಸ್ವಲ್ಪ ಹೊತ್ತಿಗೆ ಮೈಮೇಲೆ ಪಟ್ಟೆ ಇರುವ ಒಂದು ಮೀನು ಎಳೆದ. ಅದರ ಹೆಸರು ಪರ್ಚ್ ಅಂತೆ.

"ನಮ್ಮ ಕೆರೆ ಹಿಂಗೆ ಗಡ್ಡೆ ಕಟ್ಟಿದ್ರೆ ಎಮ್ಮೆ ಎಲ್ಲಿ ತೊಳೆಯೋದಣ್ಣ?" ಅಂತ ಒಬ್ಬ ಕೇಳಿದ. ಎಲ್ಲರೂ ನಕ್ಕರು. ಇನ್ನೊಬ್ಬ ಮಾತ್ರ ನೇರವಾಗಿ ಕೇಳಿದ. "ತಮಾಷೆ ಬಿಡಣ್ಣ. ಈ ಚಳೀಲಿ ನಮ್ಮ ಕಡೆ ಮೀನು ಯಾವ ಟೈಮಲ್ಲಿ ಕಚ್ತದೆ ಹೇಳು."

"ಬೆಳಗಿನ ಜಾವ ಬೇಡ. ಹತ್ತು ಗಂಟೆ ಮೇಲೆ ಹೋಗಿ" ಅಂತ ಬರೆದೆ. ಯಾರೂ ನಂಬಲಿಲ್ಲ. "ಮೀನು ಹಿಡಿಯೋರು ಹತ್ತು ಗಂಟೆಗೆ ಹೋಗ್ತಾರಾ? ಆಫೀಸಾ ಅದು?" ಅಂತ ಕಾಲೆಳೆದರು. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಮೀನಿನ ವಿಷಯವೂ ಇದೆ, ನಾನು ಮುಳುಗಲು ಹೋಗಿ ಉಳಿದುಬಂದ ವಿಷಯವೂ ಇದೆ.

ಅವರ ಚಳಿ, ನಮ್ಮ ಚಳಿ

ಮೊದಲು ಆ ವಿಡಿಯೊದವರ ಲೆಕ್ಕ ನೋಡೋಣ. ನೀರು 4 ಡಿಗ್ರಿಯಲ್ಲಿ ಅತಿ ಭಾರವಾಗಿರುತ್ತದೆ. ಅದಕ್ಕಿಂತ ತಣ್ಣಗಾದರೆ ಹಗುರಾಗಿ ಮೇಲೆ ಬರುತ್ತದೆ, ಮೇಲೆಯೇ ಗಡ್ಡೆಯಾಗುತ್ತದೆ. ತಳದಲ್ಲಿ ನೀರು ನೀರಾಗಿಯೇ ಉಳಿಯುತ್ತದೆ. ಮೀನು ಅಲ್ಲಿ ಬದುಕುತ್ತದೆ. ಫಿನ್‌ಲ್ಯಾಂಡ್, ಕೆನಡಾ ಕಡೆಯವರು ಹೇಳುವ ಪ್ರಕಾರ ಪರ್ಚ್ ಹಿಡಿಯಲು ಚಳಿಗಾಲದಲ್ಲಿ ಎರಡು ಒಳ್ಳೆ ಕಾಲ. ಕೆರೆ ಆಗ ತಾನೇ ಗಡ್ಡೆ ಕಟ್ಟಿದಾಗ ಒಂದು, ಗಡ್ಡೆ ಕರಗುವ ಮೊದಲು ಇನ್ನೊಂದು. ನಡುಚಳಿಯಲ್ಲಿ ಮೀನು ಮಂಕಾಗಿರುತ್ತದೆ. ಪರ್ಚ್ ಕಣ್ಣಿನಿಂದ ನೋಡಿ ಬೇಟೆಯಾಡುವ ಮೀನಾದ್ದರಿಂದ ಕಚ್ಚುವುದು ಹಗಲಿನಲ್ಲಿ.

ನಮ್ಮ ಬಿಳಿಕೆರೆಯಲ್ಲಿ ಗಡ್ಡೆ ಕಟ್ಟುವ ಮಾತೇ ಇಲ್ಲ. ಮೈಸೂರು ಸೀಮೆಯಲ್ಲಿ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಸಾಮಾನ್ಯವಾಗಿ 15ರಿಂದ 17 ಡಿಗ್ರಿ, ಮಧ್ಯಾಹ್ನ 27, 28. ಆದರೆ ಲೆಕ್ಕ ಮಾತ್ರ ಒಂದೇ. ಮೀನು ನಮ್ಮ ಹಾಗೆ ಮೈ ಬಿಸಿ ಇಟ್ಟುಕೊಳ್ಳುವ ಪ್ರಾಣಿಯಲ್ಲ. ನೀರು ಎಷ್ಟು ಬಿಸಿಯೋ ಅದರ ಮೈ ಅಷ್ಟು ಬಿಸಿ. ನೀರು ತಣ್ಣಗಾದರೆ ತಿಂದದ್ದು ಅರಗುವುದು ನಿಧಾನ, ಹಸಿವು ಕಡಿಮೆ, ಓಡಾಟ ಕಡಿಮೆ.

ನಮ್ಮ ಕೆರೆಗಳಲ್ಲಿ ಗಾಳಕ್ಕೆ ಹೆಚ್ಚಾಗಿ ಬೀಳುವುದು ಜಿಲೇಬಿ ಮೀನು. ಇದು ಆಫ್ರಿಕಾ ಮೂಲದ್ದು, 1952ರಲ್ಲಿ ಭಾರತಕ್ಕೆ ತಂದರು. ಈಗ ಅದು ಇಲ್ಲದ ಕೆರೆಯೇ ಇಲ್ಲ ಎನ್ನುವ ಹಾಗಾಗಿದೆ. ಬಿಸಿ ನೀರಿನ ಮೀನಾದ್ದರಿಂದ 20 ಡಿಗ್ರಿಗಿಂತ ಕೆಳಗೆ ಅದರ ಮೇವು ಬಹಳ ಕಡಿಮೆಯಾಗುತ್ತದೆ. ಕಟ್ಲಾ, ರೋಹು, ಮೃಗಾಲ್ ಸಹ ಚೆನ್ನಾಗಿ ಮೇಯುವುದು 25 ಡಿಗ್ರಿಯ ಮೇಲೆ. ಬೆಳಗಿನ ಜಾವ ಕೆರೆಯ ದಡದ ನೀರಿಗೆ ಕೈ ಹಾಕಿ ನೋಡಿ, ಮತ್ತೆ ಮಧ್ಯಾಹ್ನ ಹನ್ನೆರಡಕ್ಕೆ ಹಾಕಿ ನೋಡಿ. ಮೀನು ಯಾವಾಗ ಬರುತ್ತದೆ ಎಂದು ನಿಮ್ಮ ಕೈಯೇ ಹೇಳುತ್ತದೆ.

ಇನ್ನೊಂದು ಸಂಗತಿ. ಹಗಲಿನಲ್ಲಿ ನೀರಿನ ಪಾಚಿ, ಜೊಂಡು ಬಿಸಿಲು ಕುಡಿದು ನೀರಿಗೆ ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಅದನ್ನೇ ಉಸಿರಾಡುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ ಕೆರೆಯ ನೀರಿನಲ್ಲಿ ಉಸಿರು ಅತಿ ಕಡಿಮೆ. ಬೆಳಗ್ಗೆ ಆರಕ್ಕೆ ಮೀನುಗಳು ಮೇಲೆ ಬಂದು ಬಾಯಿ ಆಡಿಸುವುದನ್ನು ನೋಡಿ "ಎಷ್ಟು ಮೀನು ಅಂತೀಯಾ!" ಅಂತ ಗಾಳ ಹಾಕುತ್ತೇವೆ. ಅವು ಮೇವಿಗೆ ಬಂದಿರುವುದಿಲ್ಲ, ಉಸಿರಿಗೆ ಬಂದಿರುತ್ತವೆ. ಉಬ್ಬಸ ಬಂದವನ ಮುಂದೆ ಬಿರಿಯಾನಿ ಇಟ್ಟರೆ ತಿಂತಾನಾ?

ಕೊರವ ಮೀನು, ಮುರುಗೋಡು ಇವುಗಳ ಮಾತು ಬೇರೆ. ಅವು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲವು. ಆದರೂ ಚಳಿಯಲ್ಲಿ ಕೊರವ ಜೊಂಡಿನ ಬುಡ ಬಿಟ್ಟು ಕದಲುವುದು ಬಿಸಿಲು ಏರಿದ ಮೇಲೆಯೇ.

ನಾನು ಕಲಿತದ್ದು ಬೇರೆ

ಇದೆಲ್ಲ ಈಗ ಹೇಳುತ್ತೇನೆ. ಮೊದಲು ನಾನೂ ಬೆಳಗಿನ ಜಾವದವನೇ. ಯಾಕೆಂದರೆ ನಮ್ಮಪ್ಪ ಬೆಳಗಿನ ಜಾವದವರು.

ನಾನು ಚಿಕ್ಕವನಿದ್ದಾಗ ಅಪ್ಪ ಐದು ಗಂಟೆಗೆ ಎಬ್ಬಿಸುತ್ತಿದ್ದರು. ತಲೆಗೆ ಟವೆಲ್ ಸುತ್ತಿ, ಬಿದಿರು ಕಡ್ಡಿ, ತಂಗೂಸು ದಾರ, ಜೋಳದ ದಂಟಿನ ಬೆಂಡು, ತೆಂಗಿನ ಕರಟದಲ್ಲಿ ಮಣ್ಣಿನ ಜೊತೆ ಎರೆಹುಳ. ಇಷ್ಟು ಹಿಡಿದು ಹೊರಟರೆ ಮಂಜಿನಲ್ಲಿ ಏರಿಯೇ ಕಾಣುತ್ತಿರಲಿಲ್ಲ. ಅಪ್ಪನ ಬೀಡಿಯ ಕೆಂಡ ಒಂದೇ ಕಾಣುತ್ತಿತ್ತು. ಏಳೂವರೆಗೆ ವಾಪಸ್. ಕೆಲವು ದಿನ ಎರಡು ಮೀನು, ಕೆಲವು ದಿನ ಏನೂ ಇಲ್ಲ. ಮೀನು ಹಿಡಿಯುವವನು ಸೂರ್ಯ ಹುಟ್ಟುವ ಮೊದಲು ನೀರಿನ ಹತ್ತಿರ ಇರಬೇಕು ಎನ್ನುವುದು ನನ್ನ ತಲೆಯಲ್ಲಿ ಶಾಸ್ತ್ರವಾಗಿ ಕೂತುಬಿಟ್ಟಿತು.

2019 ನಿಮಗೆ ನೆನಪಿರಬಹುದು. ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ ಉಕ್ಕಿ ಹನಗೋಡು, ಹುಣಸೂರು ಕಡೆ ನೀರು ನುಗ್ಗಿತ್ತು. ಕೆರೆಗಳಲ್ಲೂ ನೀರು. ಆ ವರ್ಷದ ಡಿಸೆಂಬರ್‌ನಲ್ಲಿ ಒಂದು ಭಾನುವಾರ ನಮ್ಮ ಕಡೆಯ ಒಂದು ಕೆರೆಗೆ ಒಬ್ಬನೇ ಹೋದೆ. ಕೆರೆಯ ಹೆಸರು ಬೇಡ. ಐದೂಮುಕ್ಕಾಲು ಗಂಟೆ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಆರೂವರೆ ದಾಟಿದ ಮೇಲೆ. ಮಂಜು ಹತ್ತಿ ಹಿಂಜಿ ಹರಡಿದ ಹಾಗಿತ್ತು.

ಗಾಳ ಜೊಂಡಿಗೆ ಸಿಕ್ಕಿಕೊಂಡಿತು. ಬಿಡಿಸಲು ನಾಲ್ಕು ಹೆಜ್ಜೆ ಇಳಿದೆ. ಮೂರು ಹೆಜ್ಜೆ ಮೊಣಕಾಲು ನೀರು, ನಾಲ್ಕನೆಯದಕ್ಕೆ ನೆಲವೇ ಇಲ್ಲ. ಹಿಂದಿನ ಬೇಸಿಗೆಯಲ್ಲಿ ಕೆರೆ ಒಣಗಿದ್ದಾಗ ಯಾರೋ ಟ್ರ್ಯಾಕ್ಟರಿಗೆ ಮಣ್ಣು ತುಂಬಿದ್ದ ಗುಂಡಿ ಅದು. ನೀರು ತುಂಬಿದ ಮೇಲೆ ಗುಂಡಿಯೂ ಕಾಣುವುದಿಲ್ಲ, ದಡವೂ ಕಾಣುವುದಿಲ್ಲ.

ನನಗೆ ಈಜು ಬರುತ್ತದೆ ಅಂತ ಅಂದುಕೊಂಡಿದ್ದೆ. ಬೇಸಿಗೆಯಲ್ಲಿ ಚಡ್ಡಿ ಹಾಕಿಕೊಂಡು ಈಜುವುದೇ ಬೇರೆ, ಸ್ವೆಟರ್, ಅದರ ಮೇಲೆ ಜರ್ಕಿನ್ ಹಾಕಿಕೊಂಡು ತಣ್ಣನೆಯ ನೀರಿಗೆ ಬೀಳುವುದೇ ಬೇರೆ. ಎದೆ ಹಿಡಿದುಕೊಂಡಿತು. ಕೂಗಲು ಬಾಯಿ ತೆರೆದರೆ ನೀರು ಒಳಗೆ ಬಂತು. ಕಾಲು ಒದ್ದರೆ ಹೂಳು ಹಿಡಿದುಕೊಳ್ಳುತ್ತಿತ್ತು.

ಚೆಂಬು ಹಿಡಿದು ಬಯಲಿಗೆ ಬಂದಿದ್ದ ಪಕ್ಕದೂರಿನ ಒಬ್ಬ ಹಿರಿಯರು ಸದ್ದು ಕೇಳಿ ಓಡಿಬಂದರು. ಅವರಿಗೆ ಈಜು ಬರುತ್ತಿರಲಿಲ್ಲ. ನೀರಿಗೆ ಇಳಿಯಲಿಲ್ಲ. ಉಟ್ಟಿದ್ದ ಪಂಚೆ ಬಿಚ್ಚಿ ಒಂದು ತುದಿ ನನ್ನ ಕಡೆ ಎಸೆದರು. ಎರಡು ಸಲ ತಪ್ಪಿತು. ಮೂರನೆಯ ಸಲ ಸಿಕ್ಕಿತು. ಪಟಾಪಟಿ ಚಡ್ಡಿಯಲ್ಲಿ ದಡದ ಮೇಲೆ ಕೂತು, ಕಾಲು ಮಣ್ಣಿಗೆ ಊರಿ, ಹಗ್ಗ ಜಗ್ಗಿದ ಹಾಗೆ ಎಳೆದರು. ನಾನು ದಡದಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದರೆ ಅವರು ಒದ್ದೆ ಪಂಚೆ ಹಿಂಡಿ ಉಟ್ಟುಕೊಳ್ಳುತ್ತಾ ಬೈದರು: "ಯಾಕ್ಲಾ ಬಂದೆ ಈ ಹೊತ್ನಲ್ಲಿ? ಮೀನೂ ಮಲಗಿರ್ತವೆ, ನೀನೂ ಮನೇಲಿ ಮಲಗಕ್ಕೆ ಆಗಲ್ವಾ?"

ನಾಲ್ಕು ಸಾಲಿನ ಸುದ್ದಿ

ಆ ದಿನ ಮನೆಗೆ ಬಂದು ಕಂಬಳಿ ಹೊದ್ದು ಕೂತಾಗ ನನಗೆ ನೆನಪಾದದ್ದು ನಾನೇ ಬರೆದ ಸುದ್ದಿಗಳು. ಪತ್ರಿಕೆಗೆ ಸುದ್ದಿ ಕಳಿಸುವ ನನ್ನಂಥವರಿಗೆ ಇದು ಬಾಯಿಪಾಠ: "ಮೀನು ಹಿಡಿಯಲು ತೆರಳಿದ್ದ ವೇಳೆ ಆಕಸ್ಮಿಕವಾಗಿ ಕಾಲು ಜಾರಿ ಕೆರೆಗೆ ಬಿದ್ದು ಮೃತಪಟ್ಟಿದ್ದಾರೆ. ಮೃತರಿಗೆ ಪತ್ನಿ, ಇಬ್ಬರು ಮಕ್ಕಳಿದ್ದಾರೆ. ಪ್ರಕರಣ ದಾಖಲಾಗಿದೆ." ಹೆಸರು, ವಯಸ್ಸು, ಊರು ಬದಲಾಯಿಸಿದರೆ ಆಯಿತು. ನನ್ನ ಹೆಸರು ಹಾಕಿದ್ದರೂ ಸಾಲು ಸರಿಯಾಗಿಯೇ ಕೂರುತ್ತಿತ್ತು.

ಪತ್ರಿಕೋದ್ಯಮ ಡಿಪ್ಲೊಮಾದ ಮೊದಲ ವಾರದ ಪಾಠವೇ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಈ ಸುದ್ದಿಗಳಲ್ಲಿ ನಾನು ಯಾರು, ಎಲ್ಲಿ ಅಂತ ಬರೆದಿದ್ದೆ. 'ಯಾವಾಗ' ಎಂದರೆ ಬರೀ "ಭಾನುವಾರ". ಎಷ್ಟು ಗಂಟೆಗೆ ಎಂದು ಕೇಳಿರಲಿಲ್ಲ. ಏಕೆ ಆ ಹೊತ್ತಿಗೆ ಹೋದರು ಎಂದು ಕೇಳಿರಲಿಲ್ಲ. "ಕಾಲು ಜಾರಿ" ಎಂದು ಬರೆದು ಬಿಟ್ಟಿದ್ದೆ. ಕಾಲು ಜಾರಿದ್ದೋ, ಗುಂಡಿ ಇತ್ತೋ, ಅದನ್ನು ತೋಡಿದ್ದು ಯಾರು, ಕೇಳಿರಲಿಲ್ಲ.

ಅಪ್ಪನಿಗೆ ಎರಡು ದಿನ ಹೇಳಲಿಲ್ಲ. ಮೂರನೆಯ ದಿನ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ನೀನ್ಯಾಕೆ ಹೋಗಿದ್ದೆ ಅಷ್ಟೊತ್ತಿಗೆ?"

"ನೀನೇ ಅಲ್ವಾ ಅಪ್ಪ ಕಲಿಸಿದ್ದು? ಬೆಳಗಿನ ಜಾವ ಚೆನ್ನಾಗಿ ಕಚ್ತದೆ ಅಂತ?"

"ನಾನು ಯಾವತ್ತು ಹಂಗಂದಿದ್ನಪ್ಪ?" ಅಂದರು. "ಎಂಟು ಗಂಟೆಗೆ ಗೌಡ್ರ ಮನೆ ಕೂಲಿಗೆ ಹೋಗ್ಬೇಕಿತ್ತು ಕಣ್ಲಾ. ಹೊಗೆಸೊಪ್ಪು ಗ್ರೇಡ್ ಮಾಡಕ್ಕೆ. ಸಂಜೆ ಬರೋ ಹೊತ್ಗೆ ಕತ್ಲೆ. ಅದಕ್ಕೇ ಬೆಳಿಗ್ಗೆ ಹೋಯ್ತಿದ್ದೆ. ಮೀನು ಸಿಕ್ಕಿದ್ರೆ ನಿಮ್ಮವ್ವ ಒಂದು ಸಾರು ಮಾಡ್ಲಿ ಅಂತ."

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಬ್ಯಾರನ್ ಬೆಂಕಿ ಕಾಯುವ ಕೆಲಸ, ಚಳಿಗಾಲದಲ್ಲಿ ಸೊಪ್ಪು ಗ್ರೇಡ್ ಮಾಡಿ ಬೇಲು ಕಟ್ಟಿ ಕಟ್ಟೆಮಳಲವಾಡಿಯಂಥ ಹರಾಜು ಮಾರುಕಟ್ಟೆಗೆ ಸಾಗಿಸುವ ಕೆಲಸ. ಅದರ ನಡುವೆ ಅಪ್ಪನಿಗೆ ಅಂತ ಉಳಿಯುತ್ತಿದ್ದದ್ದು ಆ ಎರಡು ಗಂಟೆ. ಅದು ಮೀನಿನ ಹೊತ್ತಲ್ಲ, ಅಪ್ಪನಿಗೆ ಸಿಗುತ್ತಿದ್ದ ಹೊತ್ತು. ಅದನ್ನು ನಾನು ಶಾಸ್ತ್ರ ಮಾಡಿಕೊಂಡು, ಭಾನುವಾರ ದಿನವಿಡೀ ಬಿಡುವಿದ್ದರೂ ಕತ್ತಲಲ್ಲಿ ಹೋಗಿದ್ದೆ.

ಹಾಗಾದರೆ ಯಾವಾಗ?

ಆಮೇಲಿನ ಚಳಿಗಾಲಗಳಲ್ಲಿ ನಾನು ಗಮನಿಸಿದ್ದು, ನಮ್ಮ ಕಡೆ ಬಲೆ ಬೀಸುವ ಬೆಸ್ತರ ಮನೆ ಹಿರಿಯರು ಹೇಳಿದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ.

ದೀಪಾವಳಿಯಿಂದ ಕಾರ್ತಿಕ ಮುಗಿಯುವವರೆಗೆ ಮೊದಲ ಒಳ್ಳೆ ಕಾಲ. ಮಳೆ ನಿಂತು ನೀರು ತಿಳಿಯಾಗಿರುತ್ತದೆ, ಚಳಿ ಇನ್ನೂ ಇಳಿದಿರುವುದಿಲ್ಲ. ಬೆಳಗ್ಗೆ ಎಂಟೂವರೆಯಿಂದಲೇ ಕಚ್ಚುತ್ತದೆ, ಸಂಜೆ ಐದರವರೆಗೂ ಸಿಗುತ್ತದೆ. ಆದರೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದು ನಮ್ಮ ಕಡೆ ಮೂರು ದಿನ ಮೋಡ ಮುಚ್ಚಿ ಜಿನುಗು ಹಿಡಿಯಿತೆಂದರೆ ಮನೆಯಲ್ಲೇ ಇರಿ. ಬಿಸಿಲಿಲ್ಲದೆ ನೀರಿನಲ್ಲಿ ಉಸಿರು ಕಡಿಮೆಯಾಗಿ ಮೀನು ಒದ್ದಾಡುತ್ತಿರುತ್ತದೆ. ಕೆಲವು ಕೆರೆಗಳಲ್ಲಿ ಸತ್ತು ತೇಲುತ್ತದೆ. ತೇಲಿದ ಮೀನನ್ನು ದಯವಿಟ್ಟು ಮನೆಗೆ ತರಬೇಡಿ.

ಮಾರ್ಗಶಿರ, ಪುಷ್ಯ, ಅಂದರೆ ಡಿಸೆಂಬರ್‌ನಿಂದ ಸಂಕ್ರಾಂತಿವರೆಗೆ, ಮಂಕು ಕಾಲ. ವಿಡಿಯೊದವರ ನಡುಚಳಿ ಇದ್ದ ಹಾಗೆ. ಹತ್ತೂವರೆಗೆ ಹೋಗಿ, ಮೂರಕ್ಕೆ ಎದ್ದು ಬನ್ನಿ. ಹನ್ನೊಂದರಿಂದ ಎರಡು ಗಂಟೆವರೆಗಿನದೇ ಹೊತ್ತು. ಆಳಕ್ಕೆ ಎಸೆಯಬೇಡಿ. ಬಿಸಿಲು ಬೀಳುವ, ಮೂಡಲ ಗಾಳಿ ತಾಕದ, ಮೊಣಕಾಲು ಆಳದ ಕಪ್ಪು ಮಣ್ಣಿನ ದಡ ನೋಡಿ. ಅಲ್ಲಿ ನೀರು ಬೇಗ ಕಾಯುತ್ತದೆ, ಜಿಲೇಬಿ ಅಲ್ಲಿಗೆ ಬರುತ್ತದೆ. ಸಣ್ಣ ಗಾಳ, ಸಣ್ಣ ತುಂಡು ಎರೆಹುಳ ಸಾಕು. ಹುಳ ಸಿಗದಿದ್ದರೆ ರಾತ್ರಿಯ ತಂಗಳು ಮುದ್ದೆಯನ್ನು ಅವರೆಕಾಳಿನಷ್ಟು ಮಾಡಿ ಸಿಕ್ಕಿಸಿ. ಬೆಂಡು ಮುಳುಗುವವರೆಗೆ ಕಾಯಬೇಡಿ. ಚಳಿಯಲ್ಲಿ ಮೀನು ಎಳೆಯುವುದಿಲ್ಲ, ಸುಮ್ಮನೆ ಬಾಯಲ್ಲಿ ಇಟ್ಟುಕೊಳ್ಳುತ್ತದೆ. ಬೆಂಡು ಸ್ವಲ್ಪ ಅಡ್ಡ ಸರಿದರೂ ಎತ್ತಿ. ಅಂದಹಾಗೆ ಈ ದಿನಗಳಲ್ಲಿ ಊರಿನ ಅರ್ಧ ಹುಡುಗರು ಅಯ್ಯಪ್ಪನ ಮಾಲೆ ಹಾಕಿರುತ್ತಾರೆ, ಧನುರ್ಮಾಸ ಅಂತ ಕೆಲವು ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಹಾಗಾಗಿ ದಡದಲ್ಲಿ ಜಾಗಕ್ಕೆ ಜಗಳ ಇಲ್ಲ.

ಸಂಕ್ರಾಂತಿಯಿಂದ ಶಿವರಾತ್ರಿವರೆಗೆ ನನ್ನ ಮಟ್ಟಿಗೆ ಅತ್ಯುತ್ತಮ. ಚಳಿ ಶಿವಶಿವಾ ಅಂತ ಹೋಗುವ ಕಾಲ. ಹಗಲು ಉದ್ದವಾಗುತ್ತಾ ಬರುತ್ತದೆ, ನೀರು ದಿನದಿನಕ್ಕೆ ಕಾಯುತ್ತದೆ, ಚಳಿಯಲ್ಲಿ ಮೇವು ಕಡಿಮೆ ಮಾಡಿದ್ದ ಮೀನಿಗೆ ಹಸಿವು ಹುಟ್ಟುತ್ತದೆ. ಕೆರೆಯ ನೀರೂ ಇಳಿಯುವುದರಿಂದ ಮೀನು ಒತ್ತಾಗಿ ಸಿಗುತ್ತದೆ. ಕೆ.ಆರ್. ನಗರದ ಕಡೆಯವರು ಚುಂಚನಕಟ್ಟೆ ದನದ ಜಾತ್ರೆ ಮುಗಿದ ಮೇಲೆ ಅಂತ ಗುರುತು ಇಟ್ಟುಕೊಳ್ಳಬಹುದು. ನಾಲೆಯಲ್ಲಿ ನೀರು ನಿಂತ ಮೇಲೆ ಅಲ್ಲಲ್ಲಿ ಗುಂಡಿಗಳಲ್ಲಿ ಉಳಿದ ಮೀನು ಹುಡುಗರಿಗೇ ಸಾಕು.

ಹಳೆಯ ಗುರುತು ಬೇಕೆಂದರೆ ಹಕ್ಕಿ ನೋಡಿ. ನಂಜನಗೂಡು ಬಳಿಯ ಹದಿನಾರು ಕೆರೆಗೆ ಮಂಗೋಲಿಯ, ಟಿಬೆಟ್ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವಲ್ಲ, ಅವು ಬರುವುದೇ ಅಲ್ಲಿಯ ಕೆರೆಗಳು ವಿಡಿಯೊದ ಕೆರೆಯ ಹಾಗೆ ಗಡ್ಡೆ ಕಟ್ಟುತ್ತವೆ ಅಂತ. ಅವು ವಾಪಸ್ ಹೊರಡುವ ಹೊತ್ತಿಗೆ ನಮ್ಮ ಗಾಳದ ಕಾಲವೂ ಚೆನ್ನಾಗಿರುತ್ತದೆ.

ಎಲ್ಲಿ ಏನು ನೋಡಿಕೊಳ್ಳಬೇಕು

ಕೆರೆ ಯಾರ ಗುತ್ತಿಗೆಯಲ್ಲಿದೆ ಅಂತ ಮೊದಲು ಕೇಳಿ. ದುಡ್ಡು ಕೊಟ್ಟು ಹರಾಜು ಹಿಡಿದು ಮರಿ ಬಿಟ್ಟವರ ಮೀನು ಅದು. ಹೊಟ್ಟೆಪಾಡು ಅವರದ್ದೂ ಇದೆ. ಒಂದು ಗಾಳಕ್ಕೆ ಬಹಳ ಜನ ಬೇಡ ಅನ್ನುವುದಿಲ್ಲ, ಕೇಳದೆ ಹೋದರೆ ಜಗಳ. ಮಳೆಗಾಲದಲ್ಲಿ ಬಿಟ್ಟ ಕಟ್ಲಾ, ರೋಹು ಮರಿಗಳು ಚಳಿಗಾಲಕ್ಕೆ ಅಂಗೈಯಷ್ಟು ಆಗಿರುತ್ತವೆ. ಗಾಳಕ್ಕೆ ಬಿದ್ದರೆ ಒದ್ದೆ ಕೈಯಲ್ಲಿ ಹಿಡಿದು ವಾಪಸ್ ಬಿಡಿ.

ಕೆ.ಆರ್.ಎಸ್. ಹಿನ್ನೀರು ತುಂಬಿದಾಗ 124.80 ಅಡಿ. ಬೇಸಿಗೆ ಹತ್ತಿರವಾದ ಹಾಗೆ ನೀರು ಹಿಂದೆ ಸರಿಯುತ್ತದೆ. ಸಾಗರಕಟ್ಟೆ ಕಡೆ ಆಗ ಕಾಣುವ ಮಣ್ಣು ಮೇಲೆ ಒಣಗಿದ ಹಾಗಿದ್ದರೂ ಒಳಗೆ ಕೆಸರು. ದನದ ಹೆಜ್ಜೆ ಇಲ್ಲದ ಕಡೆ ಕಾಲಿಡಬೇಡಿ.

ಎಚ್.ಡಿ. ಕೋಟೆ ಕಡೆಯ ಅಣ್ಣತಮ್ಮಂದಿರಿಗೆ ನಾನು ಹೇಳುವುದೇನಿದೆ, ನಿಮಗೇ ಗೊತ್ತು. ಕಬಿನಿ ಹಿನ್ನೀರಿನ ಕಾಡಂಚಿನಲ್ಲಿ ಬೆಳಗಿನ ಜಾವ ಮತ್ತು ಮುಸ್ಸಂಜೆ ನೀರಿಗೆ ಬರುವವರು ಬೇರೆಯವರು. ಆನೆಗೆ ಮಂಜು ತೊಂದರೆಯಿಲ್ಲ, ನಮಗಿದೆ. ನೀರಿನಲ್ಲಿ ಮೊಸಳೆಯೂ ಇದೆ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಮೀನು ಹಿಡಿಯುವುದು ಅಪರಾಧವೂ ಹೌದು.

ಎಲ್ಲಿಗೆ ಹೋದರೂ ಮೂರು ಮಾತು. ಒಬ್ಬರೇ ಹೋಗಬೇಡಿ. ಗಾಳ ಸಿಕ್ಕಿಕೊಂಡರೆ ದಾರ ಕತ್ತರಿಸಿ, ನೀರಿಗೆ ಇಳಿಯಬೇಡಿ. ಗಾಳ ಹತ್ತಿಪ್ಪತ್ತು ರೂಪಾಯಿಯ ಮಾತು. ಯಾರಾದರೂ ಬಿದ್ದರೆ ನೀವೂ ಹಾರಬೇಡಿ. ಪಂಚೆಯೋ, ಸೀರೆಯೋ, ಬಿದಿರೋ, ಏನಾದರೂ ಎಸೆಯಿರಿ. ಈಜು ಬರದ ಆ ಹಿರಿಯರು ನನ್ನನ್ನು ಉಳಿಸಿದ್ದು ಹಾಗೆಯೇ.

ಬೆಳಗ್ಗೆ ಎಂಟಕ್ಕೆ ಕೂಲಿಗೆ, ಗಾರ್ಮೆಂಟ್ಸ್ ಬಸ್ಸಿಗೆ ಹೋಗುವವರು ಈಗಲೂ ಇದ್ದಾರೆ. "ನಮಗೆ ಹತ್ತು ಗಂಟೆಗೆ ಬಿಡುವೆಲ್ಲಿ ಸ್ವಾಮಿ?" ಅಂತ ನೀವು ಕೇಳಬಹುದು. ನ್ಯಾಯವೇ. ಅಂಥವರು ಭಾನುವಾರದ ಮಧ್ಯಾಹ್ನಕ್ಕೆ ಕಾಯಿರಿ ಅಂತಷ್ಟೇ ಹೇಳಬಲ್ಲೆ. ಕತ್ತಲಲ್ಲಿ ಹೋಗಿ ನೀವು ಕಳೆದುಕೊಳ್ಳುತ್ತಿರುವುದು ನಿದ್ದೆಯೊಂದೇ ಅಲ್ಲ. ಅಲ್ಲಿ ಮೀನೂ ಇಲ್ಲ.

ಅದಾದ ಮೇಲೆ ಇಂಥ ಸುದ್ದಿ ಬಂದಾಗ ನಾನು ಎರಡು ಪ್ರಶ್ನೆ ಜಾಸ್ತಿ ಕೇಳುತ್ತೇನೆ. ಎಷ್ಟು ಗಂಟೆಗೆ? ಅಲ್ಲಿ ಗುಂಡಿ ಇತ್ತಾ? ನಾಲ್ಕು ಸಾಲಿನ ಸುದ್ದಿ ಆರು ಸಾಲಾಗುತ್ತದೆ. ಕೆಲವು ಸಲ ಮುದ್ರಣವಾಗುವಾಗ ಮತ್ತೆ ನಾಲ್ಕಕ್ಕೆ ಇಳಿದಿರುತ್ತದೆ. ಕಳಿಸುವುದನ್ನು ಬಿಟ್ಟಿಲ್ಲ.

ಅಪ್ಪನನ್ನೂ ಈಗ ಕರೆದುಕೊಂಡು ಹೋಗುತ್ತೇನೆ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ, ತಿಂಡಿ ತಿಂದು, ಬೈಕಿನಲ್ಲಿ. ಮೊದಲ ಸಲ ಹತ್ತೂವರೆಗೆ ಕೆರೆ ದಡದಲ್ಲಿ ಕೂತಾಗ ಅವರಿಗೆ ಮುಜುಗರವಾಗಿತ್ತು. ದಾರಿಯಲ್ಲಿ ಹೋಗುವವರು ನೋಡಿ ಏನಂದುಕೊಳ್ಳುತ್ತಾರೋ, ಹಗಲು ಹೊತ್ತು ಕೆಲಸ ಬಿಟ್ಟು ಕೂತವ್ನೆ ಅಂತ. ಹನ್ನೊಂದೂವರೆಗೆ ಅವರ ಬೆಂಡು ಅಡ್ಡ ಸರಿಯಿತು. ಎತ್ತಿದರು. ಅಂಗೈಗಿಂತ ಸ್ವಲ್ಪ ದೊಡ್ಡ ಜಿಲೇಬಿ. ಒಂದು ಗಂಟೆಯೊಳಗೆ ಇನ್ನೂ ಐದು.

ಅಪ್ಪ ಬುಟ್ಟಿಯೊಳಗೆ ನೋಡಿ, ಮೇಲೆ ಸೂರ್ಯನನ್ನು ನೋಡಿ, ಕಣ್ಣು ಕಿರಿದು ಮಾಡಿ ಅಂದರು: "ಇಷ್ಟು ವರ್ಷ ಇವು ಈ ಹೊತ್ನಲ್ಲಿ ಇಲ್ಲೇ ಇದ್ವಾ? ನಾನು ಅಲ್ಲಿ ಸೊಪ್ಪು ಗ್ರೇಡ್ ಮಾಡ್ತಾ ಕೂತಿದ್ನಲ್ಲೋ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಇನ್ನೊಂದು ಹುಳ ಸಿಕ್ಕಿಸಿ ಅವರ ಕೈಗೆ ಕೊಟ್ಟೆ.